ಅಪ್ಪನ ಕೈನಡುಕಕ್ಕೆ ನಸುಗುನ್ನಿ ಪುಡಿ ಕೊಡಬಹುದಾ? ಮಾತ್ರೆ ನಿಲ್ಲಿಸು ಅಂತಾರೆ ಚಿಕ್ಕಪ್ಪ

ಕೊಪ್ಪದವಳು
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಬಲಗೈ ಸುಮ್ನೆ ತೊಡೆ ಮೇಲೆ ಇಟ್ಟುಕೊಂಡಾಗ ನಡುಗುತ್ತದೆ. ನಡಿಗೆ ನಿಧಾನವಾಗಿದೆ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅಕ್ಷರ ಬರ್ತಾ ಬರ್ತಾ ಸಣ್ಣದಾಗಿದೆ. ನರರೋಗದ ಡಾಕ್ಟರು ಲೆವೊಡೋಪಾ-ಕಾರ್ಬಿಡೋಪಾ ಮಾತ್ರೆ ದಿನಕ್ಕೆ ಮೂರು ಹೊತ್ತು ಬರೆದಿದ್ದಾರೆ. ಅದರಿಂದ ಗುಣ ಕಂಡಿದೆ. ತೋಟಕ್ಕೆ ಒಬ್ಬರೇ ಹೋಗಿ ಬರುತ್ತಾರೆ.

ಈಗ ಚಿಕ್ಕಪ್ಪ ಒಬ್ಬ ನಾಟಿ ವೈದ್ಯರ ಹತ್ತಿರ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದಾರೆ. "ಇಂಗ್ಲಿಷ್ ಮಾತ್ರೆ ನಿಲ್ಸು, ಕಿಡ್ನಿ ಹಾಳಾಗತ್ತೆ. ಇದು ಗಿಡದ್ದು, ಏನೂ ಆಗಲ್ಲ" ಅನ್ನುತ್ತಾರೆ. ಅಪ್ಪನಿಗೂ ಮನಸ್ಸಿದೆ. ಅಕ್ಕ ಬೆಂಗಳೂರಿನಿಂದ ಫೋನ್ ಮಾಡಿ ಒಂದೆಲಗದ ರಸ, ಅಶ್ವಗಂಧ ಎರಡನ್ನೂ ಶುರು ಮಾಡು ಅಂತಾಳೆ, ಮುಂದೆ ಮರೆವು ಬರದ ಹಾಗೆ. ಮನೆಯಲ್ಲಿ ದಿನಾ ಇದೇ ಮಾತು. ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ತುಂಗೆ ತೀರ
ನಸುಗುನ್ನಿ ಕಂಪವಾತಕ್ಕೆ ಹಳೇ ಮದ್ದು. ಹೆದರದೆ ಕೊಡಿ.

ಮದ್ದಿನಂಗಡಿ
ಕೊಡುವ ಮುಂಚೆ ಇದನ್ನು ಓದಿ. ನಾನು ಅರಸೀಕೆರೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ, ಫಾರ್ಮಸಿ ಓದಿದವನು.

ನಸುಗುನ್ನಿ ಬೀಜದಲ್ಲಿ ಇರುವುದು ಲೆವೊಡೋಪಾ. ನಿಮ್ಮ ಅಪ್ಪ ನುಂಗುತ್ತಿರುವ ಮಾತ್ರೆಯಲ್ಲೂ ಅದೇ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಈ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಅಂದರೆ ಮಾತ್ರೆ ಜೊತೆ ಪುಡಿ ಕೊಟ್ಟರೆ ಒಂದೇ ಮದ್ದು ಎರಡು ಸಲ ಒಳಗೆ ಹೋಗುತ್ತದೆ. ಜಾಸ್ತಿಯಾದರೆ ವಾಂತಿ ಬರುತ್ತದೆ, ಎದ್ದು ನಿಂತಾಗ ಬಿಪಿ ಇಳಿದು ಬೀಳುತ್ತಾರೆ, ಕೈಕಾಲು ತಾನಾಗಿ ತಿರುಚಿ ಆಡುತ್ತದೆ, ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ.

ಮಾತ್ರೆ ನಿಲ್ಲಿಸಿದರೆ ಇನ್ನೊಂದು ಅಪಾಯ. ಲೆವೊಡೋಪಾ ಏಕಾಏಕಿ ನಿಂತರೆ ಕೆಲವರ ಮೈ ಬಿಗಿದುಕೊಂಡು, ಜ್ವರ ಏರಿ, ಪ್ರಜ್ಞೆ ತಪ್ಪಿ ಐಸಿಯುಗೆ ಹೋಗಬೇಕಾಗುತ್ತದೆ. ಅಪರೂಪ, ಆದರೆ ಜೀವಕ್ಕೇ ಅಪಾಯ. ಇನ್ನು ಕಿಡ್ನಿ ಹಾಳಾಗುತ್ತದೆ ಎಂಬ ಮಾತು ಎಲ್ಲ ಮಾತ್ರೆಗೂ ಹೇಳುತ್ತಾರೆ. ಈ ಮಾತ್ರೆಯಲ್ಲಿ ನಾವು ಭಯಪಡುವ ತೊಂದರೆ ಅದಲ್ಲ.

ಕೊಪ್ಪದವಳು
ಎರಡರಲ್ಲೂ ಒಂದೇ ಇದೆ ಅಂದರೆ ಪುಡಿಯನ್ನೇ ಲೆಕ್ಕ ಹಾಕಿ ಕೊಟ್ಟರೆ ಆಗಲ್ವಾ? ಚಿಕ್ಕಪ್ಪ ಇದನ್ನೇ ಕೇಳುತ್ತಾರೆ.

ಮದ್ದಿನಂಗಡಿ
ಲೆಕ್ಕ ಹೇಗೆ ಹಾಕುತ್ತೀರಿ? ಮಾತ್ರೆಯ ಸ್ಟ್ರಿಪ್ ಮೇಲೆ ಲೆವೊಡೋಪಾ 100 ಮಿಲಿಗ್ರಾಂ, ಕಾರ್ಬಿಡೋಪಾ 10 ಅಥವಾ 25 ಮಿಲಿಗ್ರಾಂ ಅಂತ ಬರೆದಿರುತ್ತದೆ. ಬೀಜದಲ್ಲಿ ಸಾಮಾನ್ಯವಾಗಿ ಶೇ 4ರಿಂದ 6ರಷ್ಟು ಲೆವೊಡೋಪಾ ಅಂತಾರೆ. ತಳಿ, ಮಣ್ಣು, ಹುರಿದಿದ್ದಾ ಬೇಯಿಸಿದ್ದಾ ಎಂಬುದರ ಮೇಲೆ ಅದು ಏರುಪೇರಾಗುತ್ತದೆ. ಈ ಸಲದ ಪುಡಿ ಒಂದು ತರ, ಮುಂದಿನ ಸಲದ್ದು ಇನ್ನೊಂದು ತರ.

ಬೀಜದಲ್ಲಿ ಕಾರ್ಬಿಡೋಪಾ ಇಲ್ಲ. ಲೆವೊಡೋಪಾ ಮೆದುಳಿಗೆ ಹೋಗಿ ಅಲ್ಲಿ ಡೋಪಮೀನ್ ಆಗಬೇಕು, ಅಂದರೆ ಕೈಕಾಲು ಸರಾಗವಾಗಿ ಆಡಲು ಮೆದುಳಿಗೆ ಬೇಕಾದ ರಾಸಾಯನಿಕ. ಅದು ಕರುಳಿನಲ್ಲಿ, ರಕ್ತದಲ್ಲೇ ಡೋಪಮೀನ್ ಆಗಿಬಿಡದ ಹಾಗೆ ಕಾರ್ಬಿಡೋಪಾ ತಡೆಯುತ್ತದೆ. ಅದಿಲ್ಲದೆ ಹೋದರೆ ಬಹುಪಾಲು ದಾರಿಯಲ್ಲೇ ಮುಗಿದುಹೋಗುತ್ತದೆ, ಹೊಟ್ಟೆ ತೊಳಸುತ್ತದೆ. 1960ರ ದಶಕದ ಕೊನೆಯಲ್ಲಿ ಬರೀ ಲೆವೊಡೋಪಾ ಕೊಡುತ್ತಿದ್ದಾಗ ದಿನಕ್ಕೆ ಹಲವು ಗ್ರಾಂ ಬೇಕಾಗುತ್ತಿತ್ತು. ವಾಂತಿ ತಡೆಯಲಾಗದೆ ಎಷ್ಟೋ ಜನ ಬಿಟ್ಟರು.

ಹಾಸನ ಬಿಎಎಂಎಸ್
ನಾನು ಆಯುರ್ವೇದ ವೈದ್ಯೆ. ಮದ್ದಿನಂಗಡಿಯವರ ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಬೀಜ ಅಂದರೆ ಬರೀ ಲೆವೊಡೋಪಾ ಎಂದು ಮುಗಿಸುವುದನ್ನು ಒಪ್ಪಲ್ಲ.

2004ರಲ್ಲಿ ಲಂಡನ್ನಿನಲ್ಲಿ 8 ಜನ ಪಾರ್ಕಿನ್ಸನ್ ರೋಗಿಗಳಿಗೆ ಬೇರೆ ಬೇರೆ ದಿನ ಮಾತ್ರೆ ಮತ್ತು ನಸುಗುನ್ನಿ ಬೀಜದ ಔಷಧ ಕೊಟ್ಟು ನೋಡಿದರು. ಯಾವ ದಿನ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. 30 ಗ್ರಾಂ ಔಷಧದ ಪರಿಣಾಮ ಸುಮಾರು 35 ನಿಮಿಷಕ್ಕೆ ಶುರುವಾಯಿತು, ಮಾತ್ರೆಯದು ಸುಮಾರು 69 ನಿಮಿಷಕ್ಕೆ. ಪರಿಣಾಮ ಉಳಿದ ಹೊತ್ತೂ ಮಾತ್ರೆಯದಕ್ಕಿಂತ ಅರ್ಧ ಗಂಟೆಗೂ ಜಾಸ್ತಿ. ಆದರೂ ಕೈಕಾಲು ತಿರುಚುವುದು ಹೆಚ್ಚಾಗಲಿಲ್ಲ. 2017ರಲ್ಲಿ ಬೊಲಿವಿಯಾದಲ್ಲಿ 18 ರೋಗಿಗಳ ಮೇಲೆ ಹುರಿದ ಬೀಜದ ಪುಡಿ ಪರೀಕ್ಷಿಸಿದಾಗಲೂ ಅದು ಮಾತ್ರೆಗೆ ಸರಿಸಮ ನಿಂತಿತು. ಹಾಗಾಗಿ ನಮ್ಮ ಹಿರಿಯರು ಕಂಡುಕೊಂಡಿದ್ದು ನಿಜ. ಅದನ್ನು ಗೌರವದಿಂದಲೇ ಹೇಳಬೇಕು.

ನಮ್ಮ ಪದ್ಧತಿಯಲ್ಲಿ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡುತ್ತೇವೆ. ಯಾರಿಗೆ, ಎಷ್ಟು, ಹೊಟ್ಟೆ ಹೇಗಿದೆ ಎಂದು ನೋಡಿ ಕೊಡುತ್ತೇವೆ. ಪೊಟ್ಟಣ ಕಟ್ಟಿ ಚಿಕ್ಕಪ್ಪನ ಕೈಲಿ ಕಳಿಸುವುದು ಆಯುರ್ವೇದ ಅಲ್ಲ.

ಮದ್ದಿನಂಗಡಿ
@ಹಾಸನ ಬಿಎಎಂಎಸ್ ಮೇಡಂ, ಬೊಲಿವಿಯಾದ ಮುಂದಿನ ಭಾಗವನ್ನೂ ಹೇಳಬೇಕು. ಅದೇ ತಂಡ 14 ಜನರಿಗೆ 16 ವಾರ ದಿನಾ ಪುಡಿ ಕೊಡಲು ನೋಡಿತು. 7 ಜನ ಮಧ್ಯದಲ್ಲೇ ಬಿಟ್ಟರು. ನಾಲ್ವರು ಹೊಟ್ಟೆ ತೊಂದರೆಯಿಂದ, ಮೂವರು ಓಡಾಟ ಕೆಟ್ಟದ್ದರಿಂದ. ಒಂದು ಹೊತ್ತಿನ ಪರೀಕ್ಷೆಯಲ್ಲಿ ಗೆಲ್ಲುವುದಕ್ಕೂ ತಿಂಗಳುಗಟ್ಟಲೆ ತಿನ್ನುವುದಕ್ಕೂ ವ್ಯತ್ಯಾಸ ಇದೆ.

ಹಾಸನ ಬಿಎಎಂಎಸ್
ಹೌದು, ಅದು ನಿಜ. ಉಳಿದ 7 ಜನಕ್ಕೆ ಪುಡಿ ಮಾತ್ರೆಯಷ್ಟೇ ಚೆನ್ನಾಗಿ ನಡೆಯಿತು ಅನ್ನುವುದೂ ಅಷ್ಟೇ ನಿಜ. ಯಾರಿಗೆ ಒಗ್ಗುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಅದಕ್ಕೇ ವೈದ್ಯರ ಕಣ್ಣೆದುರು ಮಾಡಬೇಕು.

ಸಕಲೇಶಪುರ ಮಳೆ
ನಸುಗುನ್ನಿ ಅಂದ ಕೂಡಲೇ ಮೈ ತುರಿಸುತ್ತದೆ! ಶಾಲೆಗೆ ಹೋಗುವಾಗ ಬೇಲಿ ಮೇಲಿನ ಆ ಕಂದು ಕಾಯಿಯ ರೋಮ ಒಬ್ಬರ ಬೆನ್ನಿಗೆ ಒಬ್ಬರು ಹಾಕಿ ಅಳಿಸುತ್ತಿದ್ದೆವು. ಮನೆಯಲ್ಲಿ ಸಗಣಿ ಬಳಿದು ತೊಳೆಯುತ್ತಿದ್ದರು. ಅದರೊಳಗೆ ಇಂಥ ಮದ್ದಿದೆ ಅಂತ ಇವತ್ತೇ ಗೊತ್ತಾಗಿದ್ದು.

ಒಂದು ಅನುಮಾನ. ಎಸ್ಟೇಟುಗಳಲ್ಲಿ ಕಳೆ ತಡೆಯಲು, ಹಸಿರೆಲೆ ಗೊಬ್ಬರಕ್ಕೆ ವೆಲ್ವೆಟ್ ಬೀನ್ ಅಂತ ಬಿತ್ತುತ್ತಾರಲ್ಲ, ಅದು ಇದೇನಾ?

ಕಳಸದ ಕಾಡು
ಅದು ಇದೇ ಜಾತಿ, ತುರಿಕೆ ಇಲ್ಲದ ತಳಿ. ಅದರಲ್ಲೂ ಲೆವೊಡೋಪಾ ಇದೆ. ಕಾಡಲ್ಲಿರುವುದು ತುರಿಸುವ ನಸುಗುನ್ನಿ. ಬೀಜ ಕಪ್ಪು ಇರುತ್ತದೆ, ಬಿಳಿ ಇರುತ್ತದೆ, ಮಚ್ಚೆ ಮಚ್ಚೆ ಇರುತ್ತದೆ. ಗುಡ್ಡಗಾಡಿನ ಕೆಲವು ಜನ ನೀರು ಬದಲಿಸಿ ಬದಲಿಸಿ ಬೇಯಿಸಿ ಊಟಕ್ಕೂ ಬಳಸುತ್ತಾರೆ. ಹಾಗೆ ಬೇಯಿಸಿದಾಗ ಲೆವೊಡೋಪಾ ನೀರಲ್ಲಿ ಇಳಿದುಹೋಗುತ್ತದೆ. ಪುಡಿ ಮಾಡಿದ ಮೇಲೆ ಯಾವ ಬೀಜ, ಹೇಗೆ ಬೇಯಿಸಿದ್ದು ಅಂತ ದೇವರಿಗೇ ಗೊತ್ತು.

ತುಂಗೆ ತೀರ
ನಮ್ಮ ಅಜ್ಜಯ್ಯ ಮದ್ದು ಕೊಡುತ್ತಿದ್ದರು. ಊರಿನ ಜನ ರಾತ್ರಿ ಹೊತ್ತು ಲಾಟೀನು ಹಿಡಿದುಕೊಂಡು ಬರುತ್ತಿದ್ದರು. ಒಂದು ರೂಪಾಯಿ ತಗೊಂಡವರಲ್ಲ. ಈಗ ಎಲ್ಲರೂ ಅವರಿಗೆ ಓದು ಗೊತ್ತಿರಲಿಲ್ಲ ಅನ್ನುವ ಹಾಗೆ ಮಾತಾಡುತ್ತಾರೆ. ಗಿಡದ ಮದ್ದಿಗೆ ಕಂಪನಿಗಳಿಗೆ ಲಾಭ ಇಲ್ಲ, ಅದಕ್ಕೇ ತುಳಿಯುತ್ತಾರೆ. ನರರೋಗದ ಡಾಕ್ಟರನ್ನು ನೋಡಲು ನಾವು ಮಲೆನಾಡಿನವರು ಬಸ್ಸು ಹತ್ತಿ ಅರ್ಧ ದಿನ ಹೋಗಬೇಕು. ಕೈಗೆಟಕುವುದನ್ನೂ ಬೇಡ ಅಂದರೆ ಹೇಗೆ?

ಮದ್ದಿನಂಗಡಿ
ದೂರದ ಮಾತು ಸತ್ಯ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಲೆವೊಡೋಪಾ-ಕಾರ್ಬಿಡೋಪಾ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಬೆಲೆಗೆ ಸರ್ಕಾರದ ಮಿತಿ ಇದೆ. ಅಂಗಡಿಯಲ್ಲಿ ಅಶ್ವಗಂಧದ ಡಬ್ಬಿಗೆ ಜನ ಕೊಡುವ ದುಡ್ಡು ಇದಕ್ಕಿಂತ ಎಷ್ಟೋ ಜಾಸ್ತಿ.

ಕಂಪನಿಗಳು ಗಿಡವನ್ನು ತುಳಿಯುತ್ತವೆ ಅನ್ನುವುದೂ ಸರಿ ಹೊಂದಲ್ಲ. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮೀನ್ ಬಂದದ್ದೇ ಸ್ನೋಡ್ರಾಪ್ ಎಂಬ ಹೂವಿನ ಗೆಡ್ಡೆಯಿಂದ. 1950ರ ದಶಕದಲ್ಲಿ ಬಲ್ಗೇರಿಯಾದಲ್ಲಿ ಅದನ್ನು ಮೊದಲು ಔಷಧ ಮಾಡಿದರು. 2001ರಲ್ಲಿ ಅಮೆರಿಕದಲ್ಲಿ ಆಲ್ಝೈಮರ್‌ಗೆ ಒಪ್ಪಿಗೆ ಸಿಕ್ಕಿತು. ರಿವಾಸ್ಟಿಗ್ಮೀನ್ ಇನ್ನೊಂದು. ಪಶ್ಚಿಮ ಆಫ್ರಿಕಾದ ಕಲಬಾರ್ ಹುರುಳಿಯ ವಿಷ ನೋಡಿ ಅದೇ ಜಾಡಿನಲ್ಲಿ ಮಾಡಿದ್ದು. ಎರಡೂ ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಸ್ವಲ್ಪ ಕಾಲ ತೊಂದರೆ ಹಗುರ ಮಾಡುತ್ತವೆ, ಅಷ್ಟೇ.

ಬೇಲೂರು ಮೇಷ್ಟ್ರು
ನಿವೃತ್ತ ವಿಜ್ಞಾನ ಶಿಕ್ಷಕ ನಾನು. ಗಿಡದ್ದು ಅಂದರೆ ಏನೂ ಆಗಲ್ಲ ಎಂಬ ಮಾತಿಗೆ ಸರ್ಪಗಂಧದ ಕತೆ ಹೇಳಲೇಬೇಕು. ಅದೂ ನಮ್ಮ ಘಟ್ಟದ ಗಿಡವೇ. ಬಿಪಿ ಇಳಿಸುತ್ತದೆ ಎಂದು ಮುಂಬೈಯ ಡಾ. ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. ಲೋಕವೆಲ್ಲ ತಿರುಗಿ ನೋಡಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಆಮೇಲೆ ಗೊತ್ತಾಯಿತು, ರೆಸರ್ಪಿನ್ ತಗೊಂಡ ಕೆಲವರಿಗೆ ಕೈನಡುಕ, ಮೈಬಿಗಿತ, ಮಂಕು. ಪಾರ್ಕಿನ್ಸನ್ ತರಹವೇ.

1957ರಲ್ಲಿ ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಕಿವಿ ಜೋಲು ಬಿಟ್ಟು ಅಲ್ಲಾಡದೆ ಬಿದ್ದವು. ಡೋಪಾ ಚುಚ್ಚಿದರು (ಲೆವೊಡೋಪಾ ಇದರದೇ ಒಂದು ರೂಪ). ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಪಾರ್ಕಿನ್ಸನ್‌ಗೆ ಲೆವೊಡೋಪಾ ಅನ್ನುವ ದಾರಿ ಸಿಕ್ಕಿದ್ದು ಇಲ್ಲಿಂದ. 2000ದಲ್ಲಿ ಅವರಿಗೆ ನೊಬೆಲ್ ಬಂತು. ಕಾಯಿಲೆಯ ಲಕ್ಷಣ ತಂದದ್ದು ಒಂದು ನಾಟಿ ಗಿಡ, ಅದನ್ನು ಕಳೆದ ವಸ್ತು ಇನ್ನೊಂದು ನಾಟಿ ಗಿಡದಲ್ಲಿ ಎಷ್ಟೋ ಕಾಲದಿಂದ ಇತ್ತು. ತರಗತಿಯಲ್ಲಿ ಇದನ್ನು ಹೇಳಿದಾಗೆಲ್ಲ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ನನಗೂ ಪ್ರತಿ ಸಲ ರೋಮಾಂಚನ.

ತುಂಗೆ ತೀರ
ಮೇಷ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ಆದರೂ ಅಜ್ಜಯ್ಯನ ಮದ್ದಿನಿಂದ ಗುಣವಾದವರನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬಿಟ್ಟುಕೊಡಲ್ಲ.

ಬೇಲೂರು ಮೇಷ್ಟ್ರು
ಬಿಟ್ಟುಕೊಡಬೇಡಿ. ಅಜ್ಜಯ್ಯ ಯಾವ ಗಿಡ ಯಾವುದಕ್ಕೆ ಕೊಡುತ್ತಿದ್ದರು ಅಂತ ನೆನಪಿರುವಷ್ಟನ್ನು ಬರೆದಿಡಿ. ಆ ಪಟ್ಟಿಗೆ ಬೆಲೆ ಇದೆ.

ತರೀಕೆರೆ ರೈಲು
ಇನ್ನೊಂದು ಮುಖ್ಯ ವಿಷಯ. ಕೈ ನಡುಗಿದ ಮಾತ್ರಕ್ಕೆ ಪಾರ್ಕಿನ್ಸನ್ ಅಲ್ಲ. ನಮ್ಮ ಮಾವನಿಗೆ ನಡುಕ ಬಂತು, ಮುಖ ಬಿಗಿದುಕೊಂಡಿತು, ನಡಿಗೆ ಎಳೆದಾಡುವ ಹಾಗಾಯಿತು. ಎಲ್ಲರೂ ಪಾರ್ಕಿನ್ಸನ್ ಅಂದರು. ಅಶ್ವಗಂಧ, ಕಷಾಯ, ಏನೇನೋ ಆಯಿತು. ಕೊನೆಗೆ ಒಬ್ಬ ಡಾಕ್ಟರು "ಮನೆಯಲ್ಲಿರುವ ಎಲ್ಲ ಮಾತ್ರೆ ಚೀಲದಲ್ಲಿ ತುಂಬಿಕೊಂಡು ಬನ್ನಿ" ಅಂದರು. ಅದರಲ್ಲಿ ಗ್ಯಾಸಿಗೆ ಅಂತ ವರ್ಷಗಟ್ಟಲೆ ನುಂಗುತ್ತಿದ್ದ ಕ್ಯಾಪ್ಸೂಲ್ ಇತ್ತು. ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿದ್ದು. ಅದನ್ನು ನಿಲ್ಲಿಸಿದರು. ಕೆಲವು ತಿಂಗಳಲ್ಲಿ ನಡುಕ ಹೋಯಿತು. ಈ ನಡುವೆ ಕಷಾಯ ಕೊಟ್ಟವರು ನಮ್ಮದರಿಂದಲೇ ಗುಣವಾಯಿತು ಅಂದುಕೊಂಡಿದ್ದಾರೆ.

ಮದ್ದಿನಂಗಡಿ
@ತರೀಕೆರೆ ರೈಲು ಇದನ್ನು ಹೇಳಿ ಬಹಳ ಉಪಕಾರ ಮಾಡಿದಿರಿ. ಲೆವೊಸಲ್ಪಿರೈಡ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆ ಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್. ವಯಸ್ಸಾದವರಲ್ಲಿ ಇವೆಲ್ಲ ಪಾರ್ಕಿನ್ಸನ್ ಲಕ್ಷಣ ತರಬಲ್ಲವು. ಜನ ಹಳೇ ಚೀಟಿ ತಂದು "ಅದೇ ಕೊಡಿ" ಅನ್ನುತ್ತಾರೆ. ನಾನು ದಿನಾ ವಾದ ಮಾಡುತ್ತೇನೆ. ಕೊಪ್ಪದವರೇ, ನಿಮ್ಮ ಅಪ್ಪನ ಚೀಲದಲ್ಲೂ ಇವು ಇವೆಯಾ ನೋಡಿ. ಇದ್ದರೆ ಡಾಕ್ಟರಿಗೆ ತೋರಿಸಿ.

ಕೊಪ್ಪದವಳು
ನೋಡಿದೆ. ಗ್ಯಾಸಿನ ಮಾತ್ರೆ ಇದೆ, ಆದರೆ ಬರೀ ಪ್ಯಾಂಟೊಪ್ರಜೋಲ್. ಸಮಾಧಾನ ಆಯಿತು. ಒಂದೆಲಗದ ಬಗ್ಗೆ ಯಾರಾದರೂ ಹೇಳಿ. ಅಕ್ಕ ಮತ್ತೆ ಫೋನ್ ಮಾಡಿದ್ದಳು.

ಮೂಡಿಗೆರೆ ಸೊಸೆ
ಒಂದೆಲಗದ ತಂಬುಳಿ ನಮ್ಮನೆಯಲ್ಲಿ ವಾರಕ್ಕೊಮ್ಮೆ ಇದ್ದೇ ಇರುತ್ತದೆ. ಕಾಯಿ, ಜೀರಿಗೆ, ಒಳ್ಳೆಮೆಣಸು, ಹುಳಿ ಮಜ್ಜಿಗೆ. ರುಚಿಗೆ ತಿನ್ನಿ, ಮೈಗೂ ತಂಪು.

ಮರೆವಿನ ಮಾತಿಗೆ ಬಂದರೆ ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಹಾಲು ಒಲೆ ಮೇಲಿಟ್ಟು ಮರೆಯುವುದು, ಸೊಸೆ ಹೆಸರೇ ತಪ್ಪುವುದು, ಹಿತ್ತಲಿಗೆ ಹೋಗಿ ಯಾಕೆ ಬಂದೆ ಅಂತ ನಿಲ್ಲುವುದು. ಕಾಲು ಜೋಮು ಅಂತಲೂ ಅನ್ನುತ್ತಿದ್ದರು. ಎಲ್ಲರೂ ವಯಸ್ಸಾಯಿತು, ಒಂದೆಲಗ ಕೊಡು ಅಂದರು. ದಿನಾ ಬೆಳಿಗ್ಗೆ ರಸ ಕೊಟ್ಟೆವು. ಏನೂ ಬದಲಾಗಲಿಲ್ಲ. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದಾಗ ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಅಂತ ಬಂತು. ಅತ್ತೆ ಪೂರ್ತಿ ಸಸ್ಯಾಹಾರಿ, ಹಾಲು ಮೊಸರೂ ಸೇರದು. ಇಂಜೆಕ್ಷನ್ ಕೊಟ್ಟ ಮೇಲೆ ನಿಧಾನಕ್ಕೆ ಚುರುಕಾದರು. ಈಗ ಹಾಲಿನವನ ಲೆಕ್ಕ ಅವರೇ ನೋಡುತ್ತಾರೆ.

ಗೊರೂರು ಹಿನ್ನೀರು
ಇದು ಎಲ್ಲರೂ ಓದಬೇಕಾದ ಉತ್ತರ. ಬಿ12, ಥೈರಾಯ್ಡ್, ಮನಸ್ಸಿನ ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟುವುದು, ಇವೆಲ್ಲ ಮರೆವು ತರುತ್ತವೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಗಿಡಮೂಲಿಕೆ ಕೊಡುತ್ತಾ ತಿಂಗಳು ಕಳೆದರೆ ಆ ಹೊತ್ತು ಹೋಗಿಬಿಡುತ್ತದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಆದರೂ ಹಳ್ಳಿಯಲ್ಲಿ "ಅರಳುಮರುಳು" ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ.

ಹಾಸನ ಬಿಎಎಂಎಸ್
ಒಂದೆಲಗದ ವಿಷಯದಲ್ಲಿ ಒಂದು ಗೊಂದಲ ಬಿಡಿಸಲೇಬೇಕು, ಇಲ್ಲದಿದ್ದರೆ ಓದಿದ್ದೆಲ್ಲ ತಪ್ಪು ಗಿಡಕ್ಕೆ ಸೇರುತ್ತದೆ. ನಾವು ಬ್ರಾಹ್ಮಿ ಅಂತ ಗದ್ದೆ ಬದುವಿನಲ್ಲಿ ಕೀಳುವುದು ಒಂದೆಲಗ, ದುಂಡಗಿನ ಎಲೆಯದ್ದು. ನೆನಪಿನ ಶಕ್ತಿಯ ಮೇಲೆ ಹೆಚ್ಚು ಪರೀಕ್ಷೆಗಳು ನಡೆದಿರುವುದು ನೀರುಬ್ರಾಹ್ಮಿಯ ಮೇಲೆ. ಅದು ತೀರಾ ಬೇರೆ ಗಿಡ. ಸಣ್ಣ ದಪ್ಪ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂವು, ನೀರಿನ ಜಾಗದಲ್ಲಿ ಹರಡುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಆಗಿದೆ.

ಆರೋಗ್ಯವಾಗಿರುವ ವಯಸ್ಸಾದವರಿಗೆ ನೀರುಬ್ರಾಹ್ಮಿ ಸಾರ ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ಕೊಟ್ಟಾಗ ಪದ ನೆನಪಿಡುವ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ. ಆಲ್ಝೈಮರ್ ಬಂದವರಿಗೆ ಅದು ಗುಣ ಮಾಡುತ್ತದೆ ಎನ್ನಲು ಬೇಕಾದ ದೊಡ್ಡ ಪರೀಕ್ಷೆ ಇಲ್ಲ. ನಾನೇ ನನ್ನ ರೋಗಿಗಳಿಗೆ ಹಾಗಂತ ಹೇಳುವುದಿಲ್ಲ.

ಕೊಪ್ಪದವಳು
ಅಶ್ವಗಂಧ? ಅಕ್ಕ ಓದಿದ್ದಾಳಂತೆ, ಆಲ್ಝೈಮರ್ ವಾಪಸ್ ತಿರುಗಿಸುತ್ತದೆ ಅಂತ.

ಬೇಲೂರು ಮೇಷ್ಟ್ರು
ನಿಮ್ಮ ಅಕ್ಕ ಓದಿದ್ದು ಸುಳ್ಳಲ್ಲ. ಅದು ಇಲಿಗಳ ಮೇಲೆ. 2012ರಲ್ಲಿ ಹರಿಯಾಣದ ಮಾನೇಸರಿನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಪ್ರಕಟಿಸಿದ್ದು. ಆಲ್ಝೈಮರ್ ಲಕ್ಷಣ ಬರುವ ಹಾಗೆ ಬೆಳೆಸಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಟ್ಟಾಗ ಮೆದುಳಿನಲ್ಲಿ ಕಟ್ಟಿದ್ದ ಅಮೈಲಾಯ್ಡ್ (ಈ ಕಾಯಿಲೆಯಲ್ಲಿ ಮೆದುಳಿನಲ್ಲಿ ಕೂಡಿಕೊಳ್ಳುವ ವಸ್ತು) ಕಡಿಮೆಯಾಯಿತು, ನಡವಳಿಕೆ ಸುಧಾರಿಸಿತು. ಸ್ವಾರಸ್ಯ ಏನು ಗೊತ್ತಾ? ಸಾರ ಕೆಲಸ ಮಾಡಿದ್ದು ಯಕೃತ್ತಿನಲ್ಲಿ. ರಕ್ತದಿಂದ ಅಮೈಲಾಯ್ಡ್ ಎಳೆದುಕೊಳ್ಳುವ ಒಂದು ಪ್ರೋಟೀನ್ ಅಲ್ಲಿ ಹೆಚ್ಚಾಯಿತು. ಒಳ್ಳೆಯ ಕೆಲಸ ಅದು. ಆದರೆ ಇಲಿಯಲ್ಲಿ ಗುಣ ಕಂಡ ಎಷ್ಟೋ ಔಷಧ ಮನುಷ್ಯರಲ್ಲಿ ಸೋತಿವೆ. ಆಲ್ಝೈಮರ್ ವಿಷಯದಲ್ಲಂತೂ ಸೋತದ್ದೇ ಜಾಸ್ತಿ.

ಮದ್ದಿನಂಗಡಿ
ಅಶ್ವಗಂಧದಿಂದ ಕೆಲವರಿಗೆ ಲಿವರ್ ತೊಂದರೆ, ಕಾಮಾಲೆ ಬಂದದ್ದು ವರದಿಯಾಗಿದೆ. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರು ಕೇಳದೆ ಶುರು ಮಾಡಬಾರದು. 2023ರಲ್ಲಿ ಡೆನ್ಮಾರ್ಕ್ ಮಾರಾಟವನ್ನೇ ನಿಷೇಧಿಸಿತು.

ತುಂಗೆ ತೀರ
ಡೆನ್ಮಾರ್ಕಿನವರಿಗೆ ಅಶ್ವಗಂಧದ ಬಗ್ಗೆ ಏನು ಗೊತ್ತು?

ಹಾಸನ ಬಿಎಎಂಎಸ್
ನಿಷೇಧ ಜಾಸ್ತಿಯಾಯಿತು ಅಂತ ನನಗೂ ಅನಿಸುತ್ತದೆ. ಆದರೆ ಲಿವರ್ ತೊಂದರೆಯ ವರದಿಗಳು ನಮ್ಮ ದೇಶದಿಂದಲೂ ಬಂದಿವೆ. ಅದನ್ನು ಒಪ್ಪದೆ ಇದ್ದರೆ ನಮ್ಮ ಪದ್ಧತಿಗೇ ಕೆಟ್ಟ ಹೆಸರು.

ಗೊರೂರು ಹಿನ್ನೀರು
ಇಂಥ ವಿಷಯದಲ್ಲಿ ದೊಡ್ಡ ಪರೀಕ್ಷೆ ಯಾಕೆ ಬೇಕು ಅಂದರೆ ಗಿಂಕೊ ನೋಡಿ. ಚೀನಾ ಮೂಲದ ಮರ, ನೆನಪಿಗೆ ಒಳ್ಳೆಯದು ಅಂತ ಲೋಕದಲ್ಲೆಲ್ಲ ಮಾರಿದರು. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ದಿನಕ್ಕೆ ಎರಡು ಸಲ 120 ಮಿಲಿಗ್ರಾಂ ಅಥವಾ ಖಾಲಿ ಮಾತ್ರೆ ಕೊಟ್ಟು ಸುಮಾರು 6 ವರ್ಷ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಮರೆವಿನ ಕಾಯಿಲೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಸಣ್ಣ ಪರೀಕ್ಷೆಗಳಲ್ಲಿ ಎಷ್ಟು ಚೆನ್ನಾಗಿ ಕಂಡಿತ್ತು!

ಅರಿಶಿನದ ಕತೆಯೂ ಅದೇ. 36 ಜನ ಆಲ್ಝೈಮರ್ ರೋಗಿಗಳಿಗೆ 24 ವಾರ ಅರಿಶಿನದಲ್ಲಿರುವ ಕರ್ಕ್ಯುಮಿನ್ ಕೊಟ್ಟು ನೋಡಿದರು. ಉಪಯೋಗ ಕಾಣಲಿಲ್ಲ. ಹೊಟ್ಟೆಗೆ ಹೋದದ್ದು ರಕ್ತಕ್ಕೆ ಸೇರುವುದೇ ಬಹಳ ಕಡಿಮೆ.

ಸಕಲೇಶಪುರ ಮಳೆ
ಎಲ್ಲವನ್ನೂ ಇಲ್ಲ ಇಲ್ಲ ಅಂತೀರಲ್ಲ, ನಮ್ಮ ಕಾಫಿಯ ಬಗ್ಗೆಯಾದರೂ ಒಳ್ಳೆಯ ಸುದ್ದಿ ಹೇಳಿ ಮಾರಾಯ್ರೇ. ಕಾಫಿ ಕುಡಿಯುವವರಿಗೆ ಪಾರ್ಕಿನ್ಸನ್ ಬರಲ್ಲ ಅಂತ ಕೇಳಿದ್ದೆ.

ಬೇಲೂರು ಮೇಷ್ಟ್ರು
ಬರಲ್ಲ ಅಂತಲ್ಲ, ಕಡಿಮೆ. ಹವಾಯಿಯಲ್ಲಿ ಜಪಾನೀ ಮೂಲದ 8,004 ಗಂಡಸರನ್ನು 30 ವರ್ಷ ಹಿಂಬಾಲಿಸಿ ನೋಡಿದ್ದರು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಬಹಳ ಕಡಿಮೆ ಕಂಡಿತು. 2000ದಲ್ಲಿ ಪ್ರಕಟವಾಯಿತು. ಆದರೆ ಕಾಯಿಲೆ ಬಂದ ಮೇಲೆ ಕೆಫೀನ್ ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಓಡಾಟ ಸುಧಾರಿಸಲಿಲ್ಲ. ಅದು 2017ರ ಫಲಿತಾಂಶ.

ಕಳಸದ ಕಾಡು
ಕಾಫಿ ತಡೆಯುತ್ತದೆ ಅನ್ನುವ ಮೊದಲು ಕಾಫಿ ತೋಟದಲ್ಲಿ ಹೊಡೆಯುವುದನ್ನು ನೋಡಿ. ಪ್ಯಾರಾಕ್ವಾಟ್ ಕಳೆನಾಶಕ. ಬಾಯಿಗೆ ಬಟ್ಟೆ ಕೂಡ ಇಲ್ಲದೆ, ಬರಿಗೈಯಲ್ಲಿ, ಬೆನ್ನಿಗೆ ಕ್ಯಾನು ಹೊತ್ತು ಹೊಡೆಯುತ್ತಾರೆ. ಕ್ಯಾನು ಸೋರಿ ಬೆನ್ನೆಲ್ಲ ಒದ್ದೆ. ಆ ಕೂಲಿಯವರಿಗೆ ಮುಂದೆ ಏನಾಗುತ್ತದೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದಾರಾ?

ಗೊರೂರು ಹಿನ್ನೀರು
ಸರಿಯಾದ ಪ್ರಶ್ನೆ. 2011ರಲ್ಲಿ ಅಮೆರಿಕದ ರೈತರ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು 2.5 ಪಟ್ಟು ಕಂಡಿತು. ಯುರೋಪ್ ಒಕ್ಕೂಟದಲ್ಲಿ 2007ರಿಂದ ಪ್ಯಾರಾಕ್ವಾಟ್ ಇಲ್ಲ. ಪಕ್ಕದ ಕೇರಳವೂ ನಿಷೇಧಿಸಿದೆ. ಇನ್ನು ರೋಟೆನೋನ್ ಬರುವುದು ಡೆರಿಸ್ ಎಂಬ ಗಿಡದ ಬೇರಿನಿಂದ. ಸಾವಯವ ಕೀಟನಾಶಕ ಅಂತಲೇ ಮಾರುತ್ತಿದ್ದರು. ಇಲಿಗಳಿಗೆ ಪಾರ್ಕಿನ್ಸನ್ ಬರಿಸಬೇಕಾದರೆ ಪ್ರಯೋಗಾಲಯದಲ್ಲಿ ಇದನ್ನೇ ಚುಚ್ಚುತ್ತಾರೆ.

ಸಕಲೇಶಪುರ ಮಳೆ
@ಕಳಸದ ಕಾಡು ನಾವು ಕಳೆ ಮಿಷನ್ನಿಗೆ ಬಂದು ಬಹಳ ದಿನ ಆಯಿತು. ಆಳು ಸಿಗಲ್ಲ, ಮಿಷನ್ನೇ ಗತಿ. ಆದರೆ ಅಕ್ಕಪಕ್ಕದಲ್ಲಿ ಹೊಡೆಯುವುದು ನಿಂತಿಲ್ಲ. ಶುಂಠಿ ಗದ್ದೆಗಳನ್ನಂತೂ ಕೇಳಲೇಬೇಡಿ.

ಕಳಸದ ಕಾಡು
ಅದಕ್ಕೇ ಹೇಳುತ್ತೇನೆ, ಒಂದೆಲಗ ಕೀಳುವವರು ಎಲ್ಲಿ ಕೀಳುತ್ತೀರಿ ನೋಡಿಕೊಳ್ಳಿ. ಶುಂಠಿ ಹಾಕಿದ ಗದ್ದೆಯ ಕೆಳಗಿನ ಬದುವಿನಲ್ಲಿ ಸೊಂಪಾಗಿ ಬೆಳೆದಿರುತ್ತದೆ. ಮೇಲಿನ ಔಷಧಿ ಎಲ್ಲ ಇಳಿದು ಬರುವುದು ಅಲ್ಲಿಗೇ. ಒಂದೆಲಗ ಮಣ್ಣಿನಲ್ಲಿರುವ ಸೀಸ ಮುಂತಾದುವನ್ನೂ ಎಳೆದುಕೊಳ್ಳುತ್ತದೆ. ಹಿತ್ತಲಲ್ಲಿ ಕುಂಡಕ್ಕೆ ಹಾಕಿಕೊಳ್ಳಿ, ತಂಬುಳಿಗೆ ಸಾಕಾಗುವಷ್ಟು ಬರುತ್ತದೆ.

ಕಾಡಿನಿಂದ ಕಿತ್ತು ತರುವುದೂ ನಿಲ್ಲಬೇಕು. ಸರ್ಪಗಂಧ ಈಗ ಹುಡುಕಿದರೂ ಕಾಣುವುದು ಕಷ್ಟ. ಬೇರಿಗಾಗಿ ಬುಡಸಮೇತ ಕಿತ್ತರೆ ಗಿಡ ಎಲ್ಲಿ ಉಳಿಯುತ್ತದೆ? ಕೆಮ್ಮಣ್ಣುಗುಂಡಿ ಕಡೆ ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶ ಅಂತ ಮಾಡಿದ್ದಾರೆ. ಅಂಥದ್ದು ಇನ್ನೂ ಬೇಕು.

ತುಂಗೆ ತೀರ
ಇದಕ್ಕೆ ಮಾತ್ರ ನೂರಕ್ಕೆ ನೂರು ಒಪ್ಪಿಗೆ. ಅಜ್ಜಯ್ಯ ಬೇರು ತೆಗೆದರೆ ಒಂದು ಕವಲು ಬಿಟ್ಟು ಮಣ್ಣು ಮುಚ್ಚಿ ಬರುತ್ತಿದ್ದರು. ಈಗಿನವರು ಗೋಣಿಚೀಲ ತುಂಬುತ್ತಾರೆ.

ಮೂಡಿಗೆರೆ ಸೊಸೆ
ಕೊಪ್ಪದವರೇ, ಕೊನೆಗೆ ಏನು ಮಾಡಿದಿರಿ?

ಕೊಪ್ಪದವಳು
ಡಾಕ್ಟರ ಹತ್ತಿರ ಫೋನಿನಲ್ಲೇ ಮಾತಾಡಿದೆ. ಪುಡಿಯ ಸುದ್ದಿ ಹೇಳಿದರೆ ಬೈಯುತ್ತಾರೆ ಅಂತ ಅಪ್ಪನಿಗೆ ಹೆದರಿಕೆ ಇತ್ತು. ಬೈಯಲಿಲ್ಲ. ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ, ಪುಡಿ ಸದ್ಯಕ್ಕೆ ಬೇಡ, ಮುಂದಿನ ಸಲ ಬರುವಾಗ ಪೊಟ್ಟಣ ತನ್ನಿ ಅಂದರು. ಪೊಟ್ಟಣದ ಮೇಲೆ ಒಂದು ಅಕ್ಷರ ಇಲ್ಲ. ಬರೀ ನಸುಗುನ್ನಿನಾ, ಜೊತೆಗೆ ಬೇರೆ ಏನಾದರೂ ಇದೆಯಾ ಅಂತ ಚಿಕ್ಕಪ್ಪನಿಗೂ ಗೊತ್ತಿಲ್ಲ. ಈ ಪುಟವನ್ನು ಅವರಿಗೆ ಓದಿ ಹೇಳಿದೆ. ಮೇಷ್ಟ್ರ ಮೊಲದ ಕತೆ ಬಂದಾಗ "ಇನ್ನೊಂದ್ಸಲ ಓದು" ಅಂದರು. ಅಪ್ಪನ ಜೊತೆ ಡಾಕ್ಟರ ಹತ್ತಿರ ತಾವೂ ಬರುತ್ತಾರಂತೆ.

ಇನ್ನೊಂದು ಕೇಳಬೇಕಿತ್ತು. ಮಧ್ಯಾಹ್ನದ ಮಾತ್ರೆ ಕೆಲವು ದಿನ ಕೆಲಸವೇ ಮಾಡಲ್ಲ. ಸಂಜೆವರೆಗೆ ಬಿಗಿತ. ಯಾಕಿರಬಹುದು?

ಮದ್ದಿನಂಗಡಿ
ಊಟದ ಜೊತೆ ಕೊಡುತ್ತೀರಾ?

ಕೊಪ್ಪದವಳು
ಹೌದು, ಊಟ ಆದ ಕೂಡಲೇ.

ಮದ್ದಿನಂಗಡಿ
ಬಹುಶಃ ಅದೇ ಕಾರಣ. ಬೇಳೆ, ಮೊಸರು, ಮೀನು, ಕೋಳಿಯ ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತವೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಬರೀ ನೀರಿನಲ್ಲಿ ಕೊಡುವುದು ವಾಡಿಕೆ. ಹೊಟ್ಟೆ ತೊಳಸಿದರೆ ಒಂದೆರಡು ಬಿಸ್ಕತ್ತು ಕೊಡಿ. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ, ಅದೂ ಅಡ್ಡ ಬರುತ್ತದೆ. ಬದಲಾಯಿಸುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಿ.

ಹಾಸನ ಬಿಎಎಂಎಸ್
ಹೊಟ್ಟೆ ಸರಿಯಾಗಿ ಹೋಗುತ್ತದಾ ಕೇಳಿ. ಪಾರ್ಕಿನ್ಸನ್‌ನಲ್ಲಿ ಮಲಬದ್ಧತೆ ತೀರಾ ಸಾಮಾನ್ಯ. ನಡುಕ ಬರುವುದಕ್ಕೆ ವರ್ಷಗಳ ಮೊದಲೇ ಶುರುವಾಗಿರುತ್ತದೆ. ಅದು ಕಟ್ಟಿಕೊಂಡರೆ ಮಾತ್ರೆ ಹತ್ತುವುದೂ ತಡ. ನೀರು, ಹಣ್ಣು, ಸೊಪ್ಪು ಜಾಸ್ತಿ ಮಾಡಿ. ಇಸಬಗೋಲು ರಾತ್ರಿ ಕೊಡಬಹುದು, ಮಾತ್ರೆಯ ಹೊತ್ತಿಗೆ ಬೇಡ.

ತರೀಕೆರೆ ರೈಲು
ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರೆ ಎಳೆಯಬೇಡಿ. ನೆಲದ ಮೇಲೆ ಅಡ್ಡಗೆರೆ ಹಾಕಿ ದಾಟಲು ಹೇಳಿ, ಇಲ್ಲವೇ ಒಂದು ಎರಡು ಅಂತ ತಾಳ ಹಾಕಿ. ಮತ್ತೆ ಹೆಜ್ಜೆ ಕೀಳುತ್ತಾರೆ. ಪಕ್ಕದ ಮನೆಯ ಅಜ್ಜನಿಗೆ ಇದನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಬಚ್ಚಲಿನ ಪಾಚಿ ಮಾತ್ರ ಇವತ್ತೇ ಉಜ್ಜಿಸಿ. ಈ ಮಳೆಯಲ್ಲಿ ಬೀಳುವುದೇ ದೊಡ್ಡ ಭಯ.

ಗೊರೂರು ಹಿನ್ನೀರು
ಪ್ರತಿ ಸಲ ಬೆಂಗಳೂರಿಗೆ ಓಡಬೇಕಾಗಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕ್ಲಿನಿಕ್ ಯಾವ ದಿನ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ವಯಸ್ಸಾದವರ ಯಾವ ತೊಂದರೆಗೂ ಎಲ್ಡರ್ ಲೈನ್ 14567 ಇದೆ, ದುಡ್ಡಿಲ್ಲದೆ ಮಾತಾಡಬಹುದು.

ಕೊಪ್ಪದವಳು
ಎಲ್ಲವನ್ನೂ ಬರೆದುಕೊಂಡೆ. ನಾಳೆಯಿಂದ ಮಧ್ಯಾಹ್ನದ ಮಾತ್ರೆ ಹನ್ನೆರಡೂವರೆಗೆ, ಊಟ ಒಂದಕ್ಕೆ. ಡಾಕ್ಟರೂ ಸರಿ ಅಂದಿದ್ದಾರೆ. ಅಕ್ಕನಿಗೆ ಒಂದೆಲಗದ ತಂಬುಳಿ ಮಾಡಿ ಹಾಕುತ್ತೇನೆ ಅಂದೆ, ಈ ಶನಿವಾರ ಬರುತ್ತಾಳೆ.